ಎದೆ ತುಂಬಿರೋರಿಗೆ ಬ್ಲೌಸ್ ಕತ್ತು ಯಾಕೆ ಜಾರುತ್ತೆ, ಅಳತೆ ಎಲ್ಲಿ ತಪ್ಪುತ್ತೆ

ನಂಗೆ 24 ವರ್ಷ ಇದ್ದಾಗ ನಮ್ಮ ದೊಡ್ಡಮ್ಮನ ಮನೆ ಗೃಹಪ್ರವೇಶ. ನಂಗೂ ದೊಡ್ಡಮ್ಮನ ಮಗಳಿಗೂ ಒಂದೇ ಥರದ ಸೀರೆ, ಒಬ್ಬರೇ ಟೈಲರ್, ಮುಂದಿನ ಕತ್ತು ಇಬ್ಬರಿಗೂ 6.5 ಇಂಚು ಅಂತ ಚೀಟಿಲಿ ಬರ್ಸಿದ್ವಿ. ಊಟದ ಪಂಕ್ತಿಗೆ ಇಬ್ಬರೂ ಬಡಿಸೋಕೆ ನಿಂತ್ವಿ, ಅವಳು ಕೋಸಂಬರಿ, ನಾನು ಪಲ್ಯ. ನಾಲ್ಕು ಎಲೆ ದಾಟಿರ್ಲಿಲ್ಲ, ದೊಡ್ಡಮ್ಮ ಬಂದು ನನ್ನ ಕೈಯಿಂದ ಪಾತ್ರೆ ಇಸ್ಕೊಂಡು ಮೆಲ್ಲಗೆ "ನೀನು ಒಳಗೆ ಹೋಗಿ ನೀರು ನೋಡ್ಕೊ ಕಣೇ, ಬಗ್ಗಿದಾಗೆಲ್ಲ ಕತ್ತು ಜಾರ್ತಿದೆ" ಅಂದ್ರು. ಪ್ರೀತಿಯಿಂದಾನೇ ಹೇಳಿದ್ದು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೂ ಆ ದಿನ ಸಂಜೆವರೆಗೂ ನಾನು ಅಡುಗೆಮನೆ ಬಿಟ್ಟು ಹೊರಗೆ ಬರ್ಲಿಲ್ಲ. ಅದೇ 6.5 ಇಂಚು ಅವಳ ಮೈಮೇಲೆ ಸುಮ್ಮನೆ ಕೂತಿತ್ತು, ನನ್ನ ಮೈಮೇಲೆ ಅದೇ ದೊಡ್ಡ ತಪ್ಪಾಗಿ ಕಾಣ್ತಿತ್ತು, ಹಾಗಾಗಿ ಎಷ್ಟೋ ವರ್ಷ ನಾನು ತಪ್ಪು ನನ್ನ ಮೈದೇ ಅಂದ್ಕೊಂಡು ಓಡಾಡಿದೀನಿ.

ಆಮೇಲೆ ಹೊಲಿಗೆ ಕಲ್ತೆ. ಈಗ ಮನೇಲೇ ಬ್ಲೌಸು, ಕುರ್ತಿ ಹೊಲ್ಕೊಡ್ತೀನಿ. ಕೈಗೆ ಕತ್ರಿ ಬಂದ ಮೇಲೆ ಗೊತ್ತಾಗಿದ್ದು ಏನಂದ್ರೆ ಆ ದಿನ ತಪ್ಪಿದ್ದು ಕಟಿಂಗಲ್ಲಿ, ಮತ್ತೆ ಆ ತಪ್ಪು ಎಲ್ಲಿ ಆಗುತ್ತೆ ಅಂತ ಬೆರಳಿಟ್ಟು ತೋರಿಸಬಹುದು. ನನ್ನ ಹತ್ರ ಬರೋ ಹೆಂಗಸರಲ್ಲಿ ಎದೆ ತುಂಬಿರೋರು ಬಾಗಿಲು ಹಾಕ್ಕೊಂಡು ಪಿಸುಮಾತಲ್ಲಿ ಕೇಳೋದು ಇದೇ ಒಂದು ವಿಷಯ, ಅದಕ್ಕೇ ಇಲ್ಲಿ ಬಿಡಿಸಿ ಬರೀತಿದೀನಿ.

ಮೊದಲು ಒಂದು ತೆಂಗಿನಕಾಯಿ ತಗೊಳಿ, ಒಂದು ಹಾಳೆ ನ್ಯೂಸ್‌ಪೇಪರ್ ತಗೊಂಡು ಅದರ ಮೇಲೆ ಮುಚ್ಚಿ. ಪೇಪರ್ ನೀಟಾಗಿ ಕೂರಲ್ಲ. ಮಧ್ಯೆ ಉಬ್ಬಿರೋ ಕಡೆ ಬಿಗಿಯಾಗಿ, ಅಂಚಲ್ಲಿ ಎಲ್ಲಾ ಸುಕ್ಕು ಸುಕ್ಕಾಗಿ ಎದ್ದು ನಿಲ್ಲುತ್ತೆ. ಆ ಸುಕ್ಕನ್ನ ಒಂದು ಕಡೆ ಮಡಚಿ ಹಿಡಿದ್ರೆ ಪೇಪರ್ ಕಾಯಿಗೆ ಅಂಟಿ ಕೂರುತ್ತೆ, ಬ್ಲೌಸಲ್ಲಿ ಆ ಮಡಚಿಗೇ ಡಾಟ್ ಅನ್ನೋದು. ಚಪ್ಪಟೆ ಬಟ್ಟೆಯನ್ನ ಉಬ್ಬಿರೋ ಮೈಗೆ ಕೂರಿಸಬೇಕು ಅಂದ್ರೆ ಜಾಸ್ತಿ ಬಟ್ಟೆ ಎಲ್ಲಾದ್ರೂ ಮಡಚಿ ಹೋಗ್ಲೇಬೇಕು. ಕಾಯಿ ದೊಡ್ಡದಾದಷ್ಟೂ ಮಡಚೂ ದೊಡ್ಡದಾಗ್ಬೇಕು. ಡಾಟ್ ಚಿಕ್ಕದಾಗಿಟ್ರೆ ಮಿಕ್ಕ ಬಟ್ಟೆ ಮಾಯ ಆಗಲ್ಲ, ಎಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ವೋ ಅಲ್ಲಿಗೆ ಹೋಗಿ ನಿಲ್ಲುತ್ತೆ. ಬ್ಲೌಸಲ್ಲಿ ಹಾಗೆ ಹಿಡಿತ ಇಲ್ದೇ ಇರೋ ಜಾಗ ಎರಡೇ, ಒಂದು ಕಂಕುಳ ಸುತ್ತು, ಇನ್ನೊಂದು ಕತ್ತಿನ ಅಂಚು. ಕತ್ತಿನ ಅಂಚಲ್ಲಿ ನಿಂತ ಬಟ್ಟೆ ನೆಟ್ಟಗೆ ನಿಂತಾಗ ಅಷ್ಟು ಕಾಣಲ್ಲ, ಬಗ್ಗಿದ ತಕ್ಷಣ ಮೈಯಿಂದ ದೂರ ಹೋಗಿ ಬಾಯಿ ಬಿಟ್ಕೊಳ್ಳುತ್ತೆ. ನನ್ನ ಪಲ್ಯದ ಪಾತ್ರೆ ಹೋಗಿದ್ದು ಇಷ್ಟಕ್ಕೇ.

ಎರಡನೇ ಕಾರಣ ಲೆಕ್ಕದ್ದು, ಇದು ನಂಗೆ ತುಂಬಾ ಸಿಟ್ಟು ಬರ್ಸಿದ ವಿಷಯ. ನಮ್ಮ ಕಡೆ ಹೊಲಿಗೆ ಕ್ಲಾಸಲ್ಲಿ ಹೇಳ್ಕೊಡೋ ಕಟಿಂಗ್ ಸೂತ್ರಗಳಲ್ಲಿ ಬಹಳಷ್ಟು ಅಳತೆ ಎದೆ ಸುತ್ತಳತೆಯಿಂದಲೇ ಹುಟ್ಟುತ್ತೆ. ಕತ್ತಿನ ಅಗಲ ಅಂದ್ರೆ ಚೆಸ್ಟ್ ಭಾಗಿಸು 12. ಅಂದ್ರೆ 36 ಇಂಚಿಗೆ ಒಂದು ಕಡೆ 3 ಇಂಚು, 42 ಇಂಚಿಗೆ 3.5 ಇಂಚು. ಮೈ ಎಲ್ಲಾ ಕಡೆ ಒಂದೇ ಸಮ ದೊಡ್ಡದಾಗಿದ್ರೆ ಈ ಲೆಕ್ಕ ಹೇಗೋ ನಡೆಯುತ್ತೆ. ಆದ್ರೆ ಎದೆ ಮಾತ್ರ ತುಂಬಿದ್ದು ಭುಜ, ಕತ್ತು, ಬೆನ್ನು ಸಣ್ಣ ಇದ್ರೆ? ಕಂಕುಳ ಕೆಳಗಿಂದ, ಎದೆ ಉಬ್ಬಿಗಿಂತ ಮೇಲಕ್ಕೆ ಟೇಪ್ ಸುತ್ತಿದ್ರೆ ಬರೋದು ಅಪ್ಪರ್ ಚೆಸ್ಟ್, ಅದು 36 ಅಂತ ಇಟ್ಕೊಳಿ. ಎದೆ ತುಂಬಾ ಉಬ್ಬಿರೋ ಕಡೆ ಸುತ್ತಿದ್ರೆ 40. ಅವರ ಮೂಳೆ, ಭುಜ, ಕತ್ತು ಎಲ್ಲಾ 36ರ ಹೆಂಗಸಿನದ್ದೇ, ಆದ್ರೆ ಟೈಲರ್ ಪುಸ್ತಕದಲ್ಲಿ ಬರ್ಕೊಳ್ಳೋದು 40. ಆಗ ಕತ್ತಿನ ಅಗಲ ಎರಡೂ ಕಡೆ ಸೇರಿ ಅರ್ಧ ಇಂಚಿಗಿಂತ ಜಾಸ್ತಿ ಹಿಗ್ಗಿತು, ಶೋಲ್ಡರ್ ಹೊರಗೆ ಹೋಯ್ತು, ಕಂಕುಳ ಇಳೀತು. ಶೋಲ್ಡರ್ ಹೊರಗೆ ಜಾರಿದ್ರೆ ಮುಂದಿನ ಕತ್ತು ತಾನಾಗೇ ಕೆಳಗೆ ಬರುತ್ತೆ, ಯಾಕಂದ್ರೆ ಇಡೀ ಬ್ಲೌಸ್ ನೇತಾಡ್ತಿರೋದೇ ಆ ಭುಜದ ಮೇಲೆ. ಚೀಟಿಲಿ 6.5 ಅಂತ ಬರ್ದಿದ್ದು ಮೈಮೇಲೆ 7 ದಾಟಿರುತ್ತೆ.

ರೆಡಿಮೇಡ್ ಕುರ್ತಿಲೂ ಕಥೆ ಇದೇ. ಎಮ್ ಎದೆಗೆ ಬಿಗಿ ಅಂತ ಎಕ್ಸೆಲ್ ತಗೋತೀವಿ, ಎದೆಗೆ ಸರಿ ಹೋಗುತ್ತೆ, ಕತ್ತು ಮಾತ್ರ ಬೇರೆ ಯಾರದ್ದೋ ಥರ ಅಗಲ. ಅಮೆರಿಕ, ಯೂರೋಪಲ್ಲಿ ಬಟ್ಟೆ ಕಟ್ ಮಾಡೋಕೆ ಪೇಪರ್ ಪ್ಯಾಟರ್ನ್ ಮಾರೋ ಕಂಪನಿಗಳು ಸಾಮಾನ್ಯವಾಗಿ ಬಿ ಕಪ್, ಅಂದ್ರೆ ಮಧ್ಯಮ ಎದೆಯ ಬ್ರಾ ಅಳತೆ ಲೆಕ್ಕಕ್ಕೇ ಪ್ಯಾಟರ್ನ್ ಮಾಡ್ತಾರೆ, ಅದಕ್ಕಿಂತ ಜಾಸ್ತಿ ಇರೋರು ತಾವೇ ತಿದ್ಕೋಬೇಕು. ಆ ತಿದ್ದುವಿಕೆಗೆ ಅವರ ಕಡೆ ಫುಲ್ ಬಸ್ಟ್ ಅಡ್ಜಸ್ಟ್‌ಮೆಂಟ್ ಅಂತ ಹೆಸರೇ ಇದೆ. ಭುಜ, ಕತ್ತು, ಕಂಕುಳ ಅಪ್ಪರ್ ಚೆಸ್ಟ್ ಲೆಕ್ಕದಲ್ಲೇ ಬಿಟ್ಟು, ಮುಂಭಾಗದ ಪೇಪರನ್ನ ಡಾಟ್ ಪಾಯಿಂಟ್ (ಎದೆಯ ತುದಿ ಬರೋ ಜಾಗ) ಹತ್ರ ಸೀಳಿ ಅಲ್ಲಿ ಮಾತ್ರ ಅಗಲ ಮಾಡೋದು. ಹಾಗೆ ಸೀಳಿ ತೆಗೆದ್ರೆ ಡಾಟೂ ತಾನಾಗೇ ದೊಡ್ಡದಾಗುತ್ತೆ. ತೆಂಗಿನಕಾಯಿ ಲೆಕ್ಕವೇ ಅದು.

ಮೂರನೇದು ಹಿಂದಿನ ಕತ್ತು. ಇದನ್ನ ಯಾರೂ ಮುಂದಿನ ಕತ್ತಿಗೆ ಜೋಡಿಸಿ ಯೋಚ್ನೆ ಮಾಡಲ್ಲ. ಬೆನ್ನಿನ ಬಟ್ಟೆ ಎರಡು ಭುಜವನ್ನ ಒಳಗೆ ಹಿಡಿದಿಟ್ಕೊಳ್ಳೋ ಕೆಲಸ ಮಾಡ್ತಿರುತ್ತೆ. ಹಿಂದೆ 10 ಇಂಚು ಡೀಪ್ ಇಟ್ಟು, ಅಗಲನೂ ಜಾಸ್ತಿ ಇಟ್ರೆ ಆ ಹಿಡಿತ ಹೋಯ್ತು, ಭುಜ ಹೊರಗೆ ಜಾರಿತು, ಮುಂದಿನ ಕತ್ತು ಸಡಿಲ ಆಯ್ತು. ಡೀಪ್ ಬ್ಯಾಕ್ ಇಷ್ಟ ಇದ್ರೆ ಖಂಡಿತ ಇಡಿಸ್ಕೊಳಿ, ಆದ್ರೆ ಮೇಲೆ ಡೋರಿ ಹಾಕಿಸಿ. ಡೋರಿ ನೋಡೋಕೆ ಚೆನ್ನಾಗಿರುತ್ತೆ ಅಂತ ಮಾತ್ರ ಅಂದ್ಕೋತಾರೆ, ನಿಜಕ್ಕೂ ಅದು ಮುಂದಿನ ಕತ್ತನ್ನ ಹಿಡಿದಿಡೋ ಹಗ್ಗ. ಭುಜದ ಪಟ್ಟಿನೂ ತೀರಾ ಸಣ್ಣ ಬೇಡ, ತುಂಬಿದ ಎದೆಯ ಭಾರ ಎಳೆಯೋದು ಅದನ್ನೇ.

ನಾಲ್ಕನೇದು ಹೇಳೋಕೆ ಸ್ವಲ್ಪ ಸಂಕಟ ಆಗುತ್ತೆ. ನಮ್ಮಲ್ಲಿ ಎಷ್ಟೋ ಜನ ಭುಜ ಮುಂದಕ್ಕೆ ಮುದುರಿಕೊಂಡು ಬೆನ್ನು ಬಗ್ಗಿಸಿ ನಡೀತೀವಿ, ಚಿಕ್ಕಂದಿನಿಂದ ಎದೆ ಕಾಣದೇ ಇರ್ಲಿ ಅಂತ ಕಲ್ತಿದ್ದು, ಆಮೇಲೆ ಅದೇ ಅಭ್ಯಾಸ ಆಗ್ಬಿಡುತ್ತೆ. ಆದ್ರೆ ಹೊಲಿಗೆ ಕಣ್ಣಲ್ಲಿ ನೋಡಿದ್ರೆ ಹಾಗೆ ಮುದುರಿದಾಗ ಭುಜಕ್ಕೂ ಎದೆಗೂ ನಡುವಿನ ದೂರ ಕಮ್ಮಿ ಆಗುತ್ತೆ, ಅಲ್ಲಿರೋ ಬಟ್ಟೆ ಹೆಚ್ಚಾಗುತ್ತೆ, ಕತ್ತು ಇನ್ನೂ ಜಾಸ್ತಿ ಬಾಯಿ ಬಿಡುತ್ತೆ. ಮುಚ್ಕೊಳ್ಳೋಕೆ ಅಂತ ಮಾಡೋದೇ ತೆರೆದು ತೋರಿಸುತ್ತೆ. ನನ್ನ ಹತ್ರ ಅಳತೆಗೆ ಬಂದವರಿಗೆ ನಾನು ಮೊದಲು ಹೇಳೋದು, ಅಕ್ಕ ಒಂದು ಸಲ ಉಸಿರು ಬಿಟ್ಟು ನೆಟ್ಟಗೆ ನಿಂತ್ಕೊಳಿ, ಇಲ್ಲಿ ಯಾರೂ ಇಲ್ಲ ಅಂತ.

ಇಲ್ಲಿ ಒಂದು ಮಾತು ಹೇಳ್ಬೇಕು. ಎಷ್ಟು ಮುಚ್ಚಿದ್ರೆ ಮರ್ಯಾದೆ ಅನ್ನೋದು ಇಂಚಲ್ಲಿ ಎಲ್ಲೂ ಬರ್ದಿಟ್ಟಿಲ್ಲ. 1117ರಲ್ಲಿ ಪ್ರತಿಷ್ಠೆ ಆದ ಬೇಲೂರಿನ ಗುಡಿಲಿ ಮದನಿಕೆಯರು ರವಿಕೆ ಇಲ್ದೇ ಒಡವೆ ಹಾಕ್ಕೊಂಡು ನಿಂತಿದಾರೆ, ದೇವಸ್ಥಾನದ ಗೋಡೆ ಮೇಲೆ. ಈಗಿನ ಕೇರಳದ ಕಡೆಯ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಜಾತಿಯ ಹೆಂಗಸರಿಗೆ ಎದೆ ಮುಚ್ಕೊಳ್ಳೋ ಹಕ್ಕೇ ಇರ್ಲಿಲ್ಲ, ಮೇಲ್ಜಾತಿಯವರ ಮುಂದೆ ಮೇಲುಡುಪು ಹಾಕಬಾರದು ಅಂತ ಕಟ್ಟಳೆ, ಅದಕ್ಕಾಗಿ ದಶಕಗಟ್ಟಲೆ ಹೋರಾಡಿ ಏಟು ತಿಂದು ಕೊನೆಗೆ 1859ರಲ್ಲಿ ರಾಜಾಜ್ಞೆ ಬಂತು. ಹಾಗಾಗಿ ಮುಚ್ಕೊಳ್ಳೋದೂ ತೆರೆಯೋದೂ ಎರಡೂ ಹಾಕ್ಕೊಳ್ಳೋಳ ಇಷ್ಟಕ್ಕೆ ಬಿಟ್ಟಿದ್ದು ಅನ್ನೋದೇ ನನ್ನ ಅಭಿಪ್ರಾಯ. 8 ಇಂಚು ಡೀಪ್ ಬೇಕು ಅಂತ ಕೇಳಿದೋರಿಗೆ ನಾನು ಸಂತೋಷದಿಂದ ಹೊಲ್ಕೊಡ್ತೀನಿ. ನನ್ನ ತಕರಾರು ಇರೋದು, ತನಗೆ 5.5 ಸಾಕು ಅಂತ ಕೇಳಿದೋಳ ಮೈಮೇಲೆ ಅದು 7 ಆಗಿ ಕೂತು ಅವಳು ದಿನವಿಡೀ ಕೈ ಎದೆ ಮೇಲೆ ಇಟ್ಕೊಂಡು ಓಡಾಡೋದರ ಬಗ್ಗೆ.

ನಮ್ಮ ಉತ್ತರ ಕರ್ನಾಟಕದ ಹಳೇ ಕುಪ್ಪಸ ನೋಡಿದ್ರೆ ನಂಗೆ ಈಗ್ಲೂ ಆಶ್ಚರ್ಯ. ಇಳಕಲ್ ಸೀರೆ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ತುಂಡು ತುಂಡು ಜೋಡಿಸಿ ಎದೆಗೆ ಜಾಗ ಮಾಡಿ ಹೊಲಿದಿರ್ತಾರೆ, ಮುಂದೆ ಹುಕ್ಕಿನ ಬದ್ಲು ಎರಡು ಕೊನೆ ಸೇರ್ಸಿ ಗಂಟು. ಬಸುರಿ ಇದ್ದಾಗ, ಬಾಣಂತಿ ಇದ್ದಾಗ, ಮಗುಗೆ ಹಾಲು ಕುಡಿಸೋವಾಗ ಮೈ ಹೇಗೆ ಬದ್ಲಾದ್ರೂ ಗಂಟು ಅಷ್ಟಕ್ಕೆ ಸಡಿಲ ಮಾಡಿದ್ರೆ ಆಯ್ತು. ಕೊಡಗಿನ ಕಡೆ ಹೋದ್ರೆ ಹಳಬರ ಜಾಕೀಟು ಉದ್ದ ತೋಳಿಂದು, ಕತ್ತು ಪೂರ್ತಿ ಮುಚ್ಚಿದ್ದು. ಒಂದೇ ರಾಜ್ಯದಲ್ಲೇ ಇಷ್ಟು ಬೇರೆ ಬೇರೆ.

ಸರಿ, ಈಗ ಕೆಲಸದ ವಿಷಯ. ಬ್ಲೌಸ್ ಹೊಲಿಸೋಕೆ ಹೋದಾಗ ಹಳೇ ಅಳತೆ ಬ್ಲೌಸ್ ಕೊಟ್ಟು ಬರೋ ಅಭ್ಯಾಸ ಎಲ್ಲರಿಗೂ ಇದೆ. ಆ ಬ್ಲೌಸಲ್ಲೇ ಕತ್ತು ಜಾರ್ತಿದ್ರೆ ಹೊಸದರಲ್ಲೂ ಜಾರುತ್ತೆ, ಟೈಲರ್ ತಪ್ಪನ್ನೇ ನೀಟಾಗಿ ಕಾಪಿ ಮಾಡಿರ್ತಾರೆ. ಆದಷ್ಟೂ ಮೈಮೇಲೆ ಅಳತೆ ಕೊಡಿ, ಮತ್ತೆ ದಿನಾ ಹಾಕೋ ಒಳ್ಳೆ ಬ್ರಾ ಹಾಕ್ಕೊಂಡೇ ಕೊಡಿ. ಅಪ್ಪರ್ ಚೆಸ್ಟ್ ಬೇರೆ, ಚೆಸ್ಟ್ ಬೇರೆ ತಗೊಳಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಎರಡರ ಮಧ್ಯೆ 3 ಇಂಚಿಗಿಂತ ಜಾಸ್ತಿ ಇದ್ರೆ ಕತ್ತು, ಶೋಲ್ಡರ್ ಅಪ್ಪರ್ ಚೆಸ್ಟ್ ಲೆಕ್ಕಕ್ಕೆ ಕಟ್ ಮಾಡಿ ಅಂತ ಹೇಳಿ. ಆಮೇಲೆ ಭುಜದಿಂದ ಡಾಟ್ ಪಾಯಿಂಟಿಗೆ ಎಷ್ಟು ಇಂಚು, ಎರಡು ಡಾಟ್ ಪಾಯಿಂಟ್ ಮಧ್ಯೆ ಎಷ್ಟು ಅಂತ ಕೂಡ ಅಳಿಸ್ಕೊಳಿ. ಡಾಟಿನ ತುದಿ ಎದೆಯ ತುದಿಗಿಂತ ಮೇಲೆ ಕೂತ್ರೆ ಅಲ್ಲಿ ಚೂಪಾಗಿ ಬೇರೆ ಕಾಣುತ್ತೆ, ಎಷ್ಟು ಮುಚ್ಚಿದ ಕತ್ತಿದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ.

ಕತ್ತಿನ ಆಳ ಹೇಳೋವಾಗ ಇಂಚು ಹೇಳ್ಬೇಡಿ, ಬೆರಳಿಟ್ಟು ತೋರ್ಸಿ. ಕನ್ನಡಿ ಮುಂದೆ ನಿಂತು ಇಲ್ಲಿವರೆಗೆ ಅಂತ ಒಂದು ಗುರುತು ಮಾಡಿ, ಭುಜ ಕತ್ತಿಗೆ ಸೇರೋ ಮೇಲಿನ ತುದಿಯಿಂದ ಅಲ್ಲಿಗೆ ಟೇಪ್ ಹಿಡೀರಿ, ನಿಮ್ಮ ಇಂಚು ಅದು. ಪಕ್ಕದ ಮನೆಯವರಿಗೆ 7 ಇಂಚು ಚೆನ್ನಾಗಿ ಕಾಣುತ್ತೆ ಅಂದ್ರೆ ಅದು ಅವರ 7. ಎದೆ ತುಂಬಿರೋರಲ್ಲಿ ಸಾಮಾನ್ಯವಾಗಿ ಉಬ್ಬು ಮೇಲಿಂದಾನೇ ಶುರುವಾಗುತ್ತೆ, ಹಾಗಾಗಿ 1 ಇಂಚಿನ ವ್ಯತ್ಯಾಸ ಬೇರೆಯವರ 2 ಇಂಚಿಗೆ ಸಮ ಅನ್ಸುತ್ತೆ.

ಟ್ರಯಲ್ ನೋಡೋವಾಗ ನೆಟ್ಟಗೆ ನಿಂತು ನೋಡಿ ಬಂದ್ರೆ ಏನೂ ಗೊತ್ತಾಗಲ್ಲ. ಎಲೆ ಮೇಲೆ ಬಡಿಸೋ ಥರ ಬಗ್ಗಿ. ನೆಲದಿಂದ ಮಗು ಎತ್ಕೊಳ್ಳೋ ಥರ ಬಗ್ಗಿ. ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋ ಥರ ಕೈ ಎತ್ತಿ, ಇಳಿಸಿ, ಬ್ಲೌಸ್ ತಾನಾಗೇ ವಾಪಸ್ ಕೂರುತ್ತಾ ನೋಡಿ. ಕುರ್ಚಿ ಮೇಲೆ ಕೂತು, ಯಾರನ್ನಾದ್ರೂ ಎದುರಿಗೆ ನಿಲ್ಲಿಸಿ ಮೇಲಿಂದ ಹೇಗೆ ಕಾಣುತ್ತೆ ಅಂತ ಕೇಳಿ, ಯಾಕಂದ್ರೆ ಆಫೀಸಲ್ಲಿ, ಬಸ್ಸಲ್ಲಿ ನಾವು ಕೂತಿರೋವಾಗ ಬೇರೆಯವರು ನಿಂತಿರ್ತಾರೆ. ಕತ್ತಿನ ಅಂಚು ಎದ್ದು ನಿಲ್ತಿದ್ರೆ ಆ ಹೆಚ್ಚಿನ ಬಟ್ಟೆನ ಅಲ್ಲೇ ಎರಡು ಬೆರಳಲ್ಲಿ ಚಿವುಟಿ ಪಿನ್ ಹಾಕಿ, ಒಂದೊಂದು ಕಡೆ ಕಾಲು ಇಂಚೋ ಅರ್ಧ ಇಂಚೋ ಬರುತ್ತೆ, ಅದನ್ನ ಟೈಲರಿಗೆ ತೋರ್ಸಿ. ಗೊತ್ತಿರೋ ಟೈಲರ್ ಅಷ್ಟನ್ನೂ ಪೇಪರಲ್ಲಿ ಮಡಚಿ ಕೆಳಗಿನ ಡಾಟಿಗೆ ಸೇರಿಸ್ತಾರೆ, ಮುಂದಿನ ಸಲದಿಂದ ಆ ತೊಂದ್ರೆನೇ ಇರಲ್ಲ. ಆಗ್ಲೇ ಹೊಲಿದು ಮುಗಿದಿದ್ರೆ ಕತ್ತಿನ ಅಂಚಿಗೆ ಹಾಕಿರೋ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಬಿಚ್ಚಿ, ಅದಕ್ಕಿಂತ ಸ್ವಲ್ಪ ಚಿಕ್ಕ ಪಟ್ಟಿನ ಹದವಾಗಿ ಎಳೀತಾ ಹೊಲಿದ್ರೆ ಅಂಚು ಒಳಗೆ ಮುದುರಿ ಮೈಗೆ ಕೂರುತ್ತೆ. ಕತ್ತಿನ ತಿರುವು ಬಟ್ಟೆಯ ಓರೆ ಎಳೆ ಮೇಲೆ ಬರೋದ್ರಿಂದ ಅದು ಮೊದ್ಲೇ ಹಿಗ್ಗೋ ಜಾಗ, ಕಟ್ ಮಾಡಿದ ತಕ್ಷಣ ಒಂದು ಸಾದಾ ಹೊಲಿಗೆ ಹಾಕಿಟ್ರೆ ಅಲ್ಲೇ ಅರ್ಧ ತೊಂದ್ರೆ ತಪ್ಪುತ್ತೆ. ಬ್ಲೌಸಲ್ಲಿ ಪ್ರಿನ್ಸೆಸ್ ಕಟ್ (ಮುಂಭಾಗವನ್ನ ಉದ್ದಕ್ಕೆ ತುಂಡು ಮಾಡಿ ಜೋಡಿಸೋದು) ಅಥವಾ ಕಟೋರಿ (ಎದೆಗೆ ಬಟ್ಟಲಿನ ಥರ ಬೇರೆ ತುಂಡು ಇಡೋದು) ನಂಗೆ ಇಷ್ಟ, ಅದ್ರಲ್ಲಿ ಉಬ್ಬಿಗೆ ಬೇಕಾದ ಆಕಾರ ಜೋಡಣೆಯಲ್ಲೇ ಬರುತ್ತೆ, ದೊಡ್ಡ ಡಾಟ್ ಹಾಕಿ ತುದಿ ಚೂಪು ಮಾಡೋ ಅಗತ್ಯ ಇಲ್ಲ.

ಕತ್ತಿನ ಶೇಪ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ಪೂರ್ತಿ ಮುಚ್ಚಿದ ಕತ್ತೇ ಸಭ್ಯ ಅಂತ. ಕಾಲರ್ ನೆಕ್ ಹಾಕಿ ಎದೆಗೆ ಬಿಗಿಯಾಗಿ ಹೊಲಿದ್ರೆ ಕತ್ತಿಂದ ಸೊಂಟದವರೆಗೆ ಒಂದೇ ಬಟ್ಟೆ ಎಳೆದು ಕಟ್ಟಿದ ಹಾಗಾಗಿ ಮೈಯಾಕಾರ ಇನ್ನೂ ಎದ್ದು ಕಾಣುತ್ತೆ. ಚಿಕ್ಕ ವಿ ನೆಕ್, ಅಗಲ ಕಮ್ಮಿ ಇಟ್ಟು, ಬಟ್ಟೆಗೆ ಉಸಿರಾಡೋಷ್ಟು ಸಡಿಲ ಬಿಟ್ರೆ ಎಷ್ಟೋ ಆರಾಮ. ಅಗಲ ಮತ್ತು ಆಳ ಎರಡೂ ಒಟ್ಟಿಗೆ ಬೇಡ. ಬೋಟ್ ನೆಕ್ ಅಗಲ ಇರುತ್ತೆ, ಹಾಗಾಗಿ ಆಳ ಕಮ್ಮಿ. ಚೌಕ ಕತ್ತಲ್ಲಿ ಮೂಲೆಗಳು ಬಗ್ಗಿದಾಗ ಬೇಗ ಎದ್ದು ಬಿಡ್ತವೆ, ಅದನ್ನ ನಾನು ಎದೆ ತುಂಬಿರೋರಿಗೆ ಅಷ್ಟಾಗಿ ಹೇಳಲ್ಲ. ಕುರ್ತಿಗೆ ಎದೆ ಮೇಲೆ 3, 4 ಇಂಚು ಸಡಿಲ ಬೇಕು, ಬ್ಲೌಸಿಗೆ 1 ರಿಂದ 2 ಇಂಚು ಸಾಕು. ಶರ್ಟ್ ಹಾಕೋರಿಗೆ ಎರಡು ಬಟನ್ ಮಧ್ಯೆ ಬಾಯಿ ಬಿಡೋ ತೊಂದ್ರೆ ಇರುತ್ತಲ್ಲ, ಅಲ್ಲಿ ಒಂದು ಬಟನ್ ಸರಿಯಾಗಿ ಎದೆಯ ತುದಿ ಮಟ್ಟಕ್ಕೆ ಬರ್ಬೇಕು, ಬರದಿದ್ರೆ ಒಳಗಡೆ ಒಂದು ಪ್ರೆಸ್ ಬಟನ್ ಹೊಲಿದ್ಬಿಡಿ, ಹೊರಗೆ ಗೊತ್ತಾಗಲ್ಲ.

ಈಗಾಗ್ಲೇ ಮನೇಲಿರೋ ಡೀಪ್ ನೆಕ್ ಕುರ್ತಿಗಳನ್ನ ಎಸೀಬೇಡಿ. ಅದೇ ಬಣ್ಣದ ಅಥವಾ ಒಪ್ಪೋ ಬಣ್ಣದ ಒಂದು ತ್ರಿಕೋನದ ತುಂಡು ಒಳಗಿಂದ ಇಟ್ಟು ಎರಡೂ ಕಡೆ ಪ್ರೆಸ್ ಬಟನ್ ಹಾಕಿದ್ರೆ ಬೇಕಾದಾಗ ಹಾಕಬಹುದು ಬೇಡದಾಗ ತೆಗೀಬಹುದು. ಒಳಗೆ ಸ್ಲಿಪ್ ಹಾಕೋದೂ ಸರಿ, ಬೇಸಿಗೆಲಿ ಕಷ್ಟ, ಎದೆ ಕೆಳಗೆ ಬೆವರು ನಿಂತು ತುರಿಕೆ ಆಗೋರಿಗೆ ಇನ್ನೊಂದು ಪದರ ಹಿಂಸೆ. ಅಂಥೋರು ಕಾಟನ್ನೇ ಹಾಕಿ.

ಬ್ರಾ ಬಗ್ಗೆ ಹೇಳ್ದೇ ಇದು ಮುಗಿಯಲ್ಲ, ಯಾಕಂದ್ರೆ ಬ್ರಾ ತಪ್ಪಿದ್ರೆ ಎಷ್ಟು ಒಳ್ಳೆ ಕಟಿಂಗೂ ಕೂರಲ್ಲ. ಎದೆ ಕೆಳಗೆ ಪಕ್ಕೆಲುಬಿನ ಸುತ್ತ ಬರೋ ಪಟ್ಟಿಯ ಅಳತೆ ಸಂಖ್ಯೆ, ಕಪ್ಪಿನ ಅಳತೆ ಅಕ್ಷರ. ಎ, ಬಿ, ಸಿ, ಡಿ ಅನ್ನೋ ಈ ಅಕ್ಷರಗಳು 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಸಾಮಾನ್ಯ ಲೆಕ್ಕ ಅಂದ್ರೆ ಎದೆ ಸುತ್ತಳತೆಗೂ ಪಟ್ಟಿಯ ಸಂಖ್ಯೆಗೂ 1 ಇಂಚು ವ್ಯತ್ಯಾಸ ಇದ್ರೆ ಎ, 2 ಇದ್ರೆ ಬಿ, 3 ಸಿ, 4 ಡಿ. ಹಾಗಾಗಿ ಡಿ ಅಂದ್ರೆ ತುಂಬಾ ದೊಡ್ಡದು ಅಂತ ಹೆದರೋ ಅಗತ್ಯನೇ ಇಲ್ಲ, 34ಡಿ ಮತ್ತೆ 36ಸಿ ಕಪ್ಪಲ್ಲಿ ಹಿಡಿಯೋದು ಹೆಚ್ಚುಕಮ್ಮಿ ಒಂದೇ, ಪಟ್ಟಿ ಮಾತ್ರ ಬೇರೆ. ನಮ್ಮ ಕಡೆ ಹೆಂಗಸರು ಅಂಗಡಿಲಿ ಕೇಳೋಕೆ ಸಂಕೋಚ ಪಟ್ಟು ಸಂಖ್ಯೆ ಮಾತ್ರ ಹೇಳಿ ತರ್ತಾರೆ, ಕಪ್ ಸಾಲಲ್ಲ ಅಂತ 34 ಬಿಟ್ಟು 38 ತಗೋತಾರೆ, ಆಗ ಪಟ್ಟಿ ಸಡಿಲ ಆಗಿ ಬೆನ್ನಲ್ಲಿ ಮೇಲಕ್ಕೆ ಹತ್ತುತ್ತೆ, ಮುಂದೆ ಎದೆ ಕೆಳಗೆ ಇಳಿಯುತ್ತೆ, ಭಾರ ಎಲ್ಲಾ ಭುಜದ ಪಟ್ಟಿ ಮೇಲೆ ಬಿದ್ದು ಅಲ್ಲಿ ಗೆರೆ ಬಿದ್ದು ಕತ್ತು ನೋವು ಬೇರೆ. ಭಾರ ಹೊರೋ ಕೆಲಸ ಹೆಚ್ಚಾಗಿ ಕೆಳಗಿನ ಪಟ್ಟಿದು. ಅದು ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ಕೂತು ಎರಡು ಬೆರಳು ಮಾತ್ರ ಹೋಗೋ ಹಾಗಿದ್ರೆ ಸರಿ. ಎಷ್ಟೋ ಸಲ ಬ್ರಾ ಬದ್ಲಾಯಿಸಿ ಬಂದವರಿಗೆ ಅದೇ ಹಳೇ ಬ್ಲೌಸಿನ ಕತ್ತು ಸರಿ ಕೂತಿದ್ದು ನಾನೇ ಕಣ್ಣಾರೆ ನೋಡಿದೀನಿ.

ಸೀರೆ ಸೆರಗಿನ ವಿಷಯ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಒಂದೆರಡು ಮಾತು. ಮೈಸೂರು ಸಿಲ್ಕ್ ಕ್ರೇಪ್, ಜಾರ್ಜೆಟ್ ಇವೆಲ್ಲ ಜಾರೋ ಬಟ್ಟೆ, ಭುಜದ ಮೇಲೆ ಒಂದೇ ಪಿನ್ ಹಾಕಿದ್ರೆ ಒಳಗಡೆ ಅಂಚು ಸರೀತಾನೇ ಇರುತ್ತೆ. ನೆರಿಗೆ ಮಾಡಿದ ಸೆರಗಲ್ಲಿ ಮೊದಲನೇ ನೆರಿಗೆಯ ಅಂಚನ್ನ ಬ್ಲೌಸ್ ಕತ್ತಿನ ಅಂಚಿಗೆ, ಎದೆ ಮೇಲ್ಭಾಗದಲ್ಲಿ, ಒಳಗಿಂದ ಇನ್ನೊಂದು ಚಿಕ್ಕ ಪಿನ್ ಹಾಕಿ. ಪಿನ್ನಿಗೆ ಮೊದ್ಲು ಒಂದು ಮಣಿ ಪೋಣಿಸಿ ಹಾಕಿದ್ರೆ ಸೀರೆ ಹರಿಯಲ್ಲ. ಕಾಟನ್ ಸೀರೆ ಕೊಟ್ಟ ಆಕಾರಕ್ಕೆ ನಿಲ್ಲುತ್ತೆ, ಅದ್ರಲ್ಲಿ ಈ ತಲೆನೋವು ಕಮ್ಮಿ.

ಇನ್ನೊಂದು, ಒಂದು ಸಲ ಅಳತೆ ಕೊಟ್ಟಿದ್ದು ಜೀವನಪರ್ಯಂತ ನಡೆಯಲ್ಲ. ಎದೆಲಿ ಗ್ರಂಥಿ ಇದೆ, ಕೊಬ್ಬಿದೆ, ತೂಕ ಏರಿಳಿದ್ರೆ ಬದ್ಲಾಗುತ್ತೆ, ಮುಟ್ಟಿನ ಮುಂಚೆ ಕೆಲವರಿಗೆ ಊದಿಕೊಳ್ಳುತ್ತೆ, ಹೆರಿಗೆ ಆದ್ಮೇಲೆ, ಹಾಲು ಬಿಡಿಸಿದ್ಮೇಲೆ ಮತ್ತೆ ಬದ್ಲಾಗುತ್ತೆ, ಮುಟ್ಟು ನಿಂತ ಮೇಲೆ ಇನ್ನೊಂದು ಥರ. ಮದುವೆ ಟೈಮಲ್ಲಿ ಹೊಲಿಸಿದ ಅಳತೆ ಬ್ಲೌಸನ್ನೇ 15 ವರ್ಷ ಕೊಡ್ತಾ ಬಂದಿರೋರು ಇದಾರೆ. ಅವರ ಹತ್ರ ನಾನು ಆ ಬ್ಲೌಸ್ ಇಸ್ಕೊಳ್ಳೋದೇ ಇಲ್ಲ, ಹೊಸದಾಗಿ ಟೇಪ್ ಹಿಡೀತೀನಿ, ಆಮೇಲೆ ಕುಗ್ಗದೇ ಇರ್ಲಿ ಅಂತ ಲೈನಿಂಗ್ ಬಟ್ಟೆನ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತರ್ಸ್ಕೊಂಡು ಆಮೇಲೆ ಕಟ್ ಮಾಡ್ತೀನಿ, ಕಟ್ ಮಾಡಿದ ಪೇಪರ್ ಮೇಲೆ ಅಪ್ಪರ್ ಚೆಸ್ಟ್, ಚೆಸ್ಟ್, ಡಾಟ್ ಪಾಯಿಂಟ್, ಅವರು ಬೆರಳಿಟ್ಟು ತೋರಿಸಿದ ಕತ್ತಿನ ಇಂಚು, ಕೆಳಗೆ ತಾರೀಖು ಬರ್ದು ಆ ಪೇಪರನ್ನ ಅವರ ಕೈಗೇ ಕೊಟ್ಟು ಕಳಿಸ್ತೀನಿ, ಮುಂದಿನ ಸಲ ಯಾವ ಟೈಲರ್ ಹತ್ರ ಹೋದ್ರೂ ಅದನ್ನ ತೋರಿಸ್ಲಿ ಅಂತ.